ಕರೆಯೂ ಹೊರಗಿನವರ ಸಾಕ್ಷಿಯೂ: ಸೇವಾ ತರಬೇತಿಗೆ ಹೊರಡಲಿರುವ ಕಲಬುರಗಿಯ ಅಭ್ಯರ್ಥಿಗಳನ್ನು ಕುರಿತು

ಸೆಮಿನರಿಗಳ ಪ್ರವೇಶಪತ್ರದಲ್ಲಿ ಅಭ್ಯರ್ಥಿಯು ತನ್ನ ಕರೆಯನ್ನು ತನ್ನದೇ ಮಾತಿನಲ್ಲಿ ವಿವರಿಸಬೇಕಾದ ಒಂದು ಪುಟವಿರುತ್ತದೆ. ಆ ಪುಟಗಳನ್ನು ಓದುತ್ತ ಬಂದಿರುವ ನಮಗೆ ಅವುಗಳ ಮಾದರಿಗಳು ಪರಿಚಿತವಾಗಿಬಿಟ್ಟಿವೆ. ಮಗು ಕಾಯಿಲೆ ಬಿದ್ದಾಗ ತಾಯಿಯು ಅದು ಬದುಕಿದರೆ ಕರ್ತನ ಸೇವೆಗೆ ಕೊಡುವೆನೆಂದು ಹರಕೆ ಹೊತ್ತಿರುತ್ತಾಳೆ. ಉಜ್ಜೀವನ ಕೂಟದ ಕಡೆಯ ರಾತ್ರಿ ಪ್ರಸಂಗಿಯ ಆಹ್ವಾನಕ್ಕೆ ಓಗೊಟ್ಟು ತರುಣನು ಕೈಯೆತ್ತಿರುತ್ತಾನೆ. ಪದವಿ ಮುಗಿದು ಕೆಲಸ ದೊರೆಯದೆ ಉಪವಾಸ ಪ್ರಾರ್ಥನೆಯಲ್ಲಿದ್ದಾಗ ವಾಕ್ಯವೊಂದು ಅವನೊಂದಿಗೆ ಮಾತಾಡಿರುತ್ತದೆ. ಇವುಗಳಲ್ಲಿ ಯಾವುದನ್ನೂ ನಾವು ಹಗುರವಾಗಿ ಕಾಣುವವರಲ್ಲ. ಹನ್ನಳ ಹರಕೆಯಿಂದಲೇ ಸಮುವೇಲನು ಶೀಲೋವಿಗೆ ಬಂದನು. ಆದರೆ ಆ ಪುಟದಲ್ಲಿ ಬಹುತೇಕ ಎಂದೂ ಕಾಣದ ಒಂದು ಸಂಗತಿಯಿದೆ. ಅಭ್ಯರ್ಥಿಯನ್ನು ಕುರಿತು ಅವನ ನೆರೆಮನೆಯವರು, ಅದರಲ್ಲಿಯೂ ಕ್ರೈಸ್ತರಲ್ಲದ ನೆರೆಮನೆಯವರು, ಏನು ಹೇಳುತ್ತಾರೆ ಎಂಬುದು.

ಇದು ನಾವು ಹೊಸದಾಗಿ ಹುಟ್ಟಿಸಿದ ಪ್ರಶ್ನೆಯಲ್ಲ. ಸಭಾಧ್ಯಕ್ಷನಲ್ಲಿ ಇರಬೇಕಾದ ಗುಣಗಳನ್ನು ಎಣಿಸುತ್ತ ಹೋಗುವ ಪೌಲನು ಕಡೆಯದಾಗಿ ಹೇಳುವುದು ಇದನ್ನೇ: ಅವನಿಗೆ ಹೊರಗಿನವರಿಂದಲೂ ಒಳ್ಳೆಯ ಹೆಸರಿರಬೇಕು (1 ತಿಮೊಥೆಯ 3:7). ಮೂಲದಲ್ಲಿರುವ ಗ್ರೀಕ್ ಪದ ‘ಮಾರ್ತುರಿಯ’, ಅಂದರೆ ಸಾಕ್ಷಿ. ನಾವು ಕ್ರಿಸ್ತನನ್ನು ಕುರಿತು ಲೋಕಕ್ಕೆ ಕೊಡುವ ಸಾಕ್ಷಿಯನ್ನು ಸೂಚಿಸುವ ಪದವೂ ಅದೇ. ಇಲ್ಲಿ ಮಾತ್ರ ಅದರ ದಿಕ್ಕು ತಿರುಗಿದೆ. ಲೋಕವು ನಮ್ಮನ್ನು ಕುರಿತು ಸಾಕ್ಷಿ ಹೇಳುತ್ತದೆ, ಸಭೆಯು ಕಿವಿಗೊಡಬೇಕಾಗುತ್ತದೆ. ಈ ಪತ್ರವನ್ನು ಪಡೆದ ತಿಮೊಥೆಯನೂ ಇಂಥದೇ ಸಾಕ್ಷಿಯ ಮೂಲಕ ಸೇವೆಗೆ ಬಂದವನು. ಲುಸ್ತ್ರ ಮತ್ತು ಇಕೋನ್ಯದ ಸಹೋದರರು ಅವನನ್ನು ಕುರಿತು ಒಳ್ಳೆಯ ಮಾತು ಹೇಳಿದ ಮೇಲೆಯೇ ಪೌಲನು ಅವನನ್ನು ತನ್ನೊಡನೆ ಕರೆದುಕೊಂಡನು (ಅ.ಕೃ. 16:1–3). ತಿಮೊಥೆಯನು ತನ್ನ ಕರೆಯನ್ನು ತಾನೇ ವಿವರಿಸಿದ ಒಂದು ಮಾತೂ ನಮಗೆ ಉಳಿದುಬಂದಿಲ್ಲ.

ಒಬ್ಬ ಅಭ್ಯರ್ಥಿಯನ್ನು ಕಲ್ಪಿಸಿಕೊಳ್ಳೋಣ. ಅವನು ಇಂಥವನೇ ಎಂದು ಬೊಟ್ಟುಮಾಡಿ ತೋರಿಸಬಹುದಾದ ಒಬ್ಬನಲ್ಲ, ಹಲವರು ಸೇರಿ ಆದವನು. ಕಲಬುರಗಿಯ ರೋಜಾ ಬಡಾವಣೆಯಲ್ಲಿ ಬಾಡಿಗೆ ಮನೆ. ತಂದೆ ಗೌಂಡಿ ಕೆಲಸದವರು. ಬಿ.ಎ. ಮುಗಿಸಿ ಎರಡು ವರ್ಷವಾಗಿದೆ. ಹಗಲು ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ. ಅಂಗಡಿಯ ಯಜಮಾನರು ಮುಸಲ್ಮಾನರು, ಇವನು ಅವರನ್ನು ಚಾಚಾ ಎಂದೇ ಕರೆಯುತ್ತಾನೆ. ಕುಟುಂಬದ ಮೂಲ ಊರು ಕಮಲಾಪುರದ ಕಡೆಯದು. ಭಾನುವಾರ ಮಧ್ಯಾಹ್ನ ಹುಮನಾಬಾದ ರಸ್ತೆಯ ಬಸ್ಸು ಹಿಡಿದು ಅಲ್ಲಿನ ಒಂದು ಪುಟ್ಟ ಕೂಟಕ್ಕೆ ಹೋಗಿ ಹಾಡು ಹೇಳಿಕೊಡುತ್ತಾನೆ, ಸಭಾಪಾಲಕರು ಬಾರದ ವಾರ ಒಂದಿಷ್ಟು ವಾಕ್ಯವನ್ನೂ ಹೇಳುತ್ತಾನೆ. ಈಗ ಅವನು ಸೆಮಿನರಿಗೆ ಹೋಗಬೇಕೆಂದಿದ್ದಾನೆ.

ಈ ತರುಣನು ಬೆಳೆದ ಬಡಾವಣೆ ಯಾವುದೆಂಬುದನ್ನು ಅವನಾಗಲಿ, ಅವನನ್ನು ಪರೀಕ್ಷಿಸುವವರಾಗಲಿ ಮರೆಯಬಾರದು. ರೋಜಾ ಎಂಬ ಹೆಸರೇ ಸಮಾಧಿಸ್ಥಳಕ್ಕೆ ಸಂಬಂಧಿಸಿದ್ದು. ಬಹಮನಿ ಸುಲ್ತಾನ ಫಿರೋಜ್ ಷಾಹನ ಕಾಲದಲ್ಲಿ ಕಲಬುರಗಿಗೆ ಬಂದು 1422ರಲ್ಲಿ ತೀರಿಕೊಂಡ ಸೂಫಿ ಸಂತ ಖ್ವಾಜಾ ಬಂದೇ ನವಾಜರ ದರ್ಗಾದ ಸುತ್ತ ಬೆಳೆದ ಪ್ರದೇಶವಿದು. ಉರುಸಿನ ದಿನಗಳಲ್ಲಿ ಇಲ್ಲಿಗೆ ಬರುವವರಲ್ಲಿ ಮುಸಲ್ಮಾನರಷ್ಟೇ ಇರುವುದಿಲ್ಲ. ನಗರದ ಇನ್ನೊಂದು ಕಡೆ ಶರಣಬಸವೇಶ್ವರರ ಗುಡಿಯಿದೆ, ಅದರ ಜಾತ್ರೆಗೂ ಹಾಗೆಯೇ ಎಲ್ಲರೂ ಹೋಗುತ್ತಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ದಖನಿ ಮಾತಾಡುತ್ತ ಬೆಳೆದ ಈ ಹುಡುಗನಿಗೆ ಭಕ್ತಿ, ಹರಕೆ, ಉಪವಾಸ, ಗುರು ಎಂಬ ಮಾತುಗಳನ್ನು ಬೈಬಲಿಗಿಂತ ಮೊದಲು ಬೀದಿಯೇ ಕಲಿಸಿದೆ. ಸುವಾರ್ತೆಯನ್ನು ಅವನು ಯಾರಿಗೆ ಹೇಳಲಿದ್ದಾನೋ ಅವರೆಲ್ಲ ಅವನನ್ನು ಚಡ್ಡಿ ಹಾಕಿದ ಕಾಲದಿಂದ ನೋಡಿದವರು. ‘ಹೊರಗಿನವರು’ ಎಂದು ಪೌಲನು ಹೇಳಿದವರು ಇವನ ಪಾಲಿಗೆ ಪಕ್ಕದ ಗೋಡೆಯವರು.

ಆದುದರಿಂದ ಪ್ರವೇಶಪತ್ರಕ್ಕೆ ಸಹಿ ಹಾಕುವ ಮುನ್ನ ಅವನು ಚಾಚಾನ ಹತ್ತಿರ ಹೋಗಿ ಕೇಳಲಿ ಎಂದು ನಾವು ಹೇಳುತ್ತೇವೆ. ಅಪ್ಪಣೆ ಕೇಳಲೆಂದಲ್ಲ. ತಾನು ಹೇಳಿದ ವೇಳೆಗೆ ಬರುತ್ತಿದ್ದೆನೇ, ಗಲ್ಲೆಯ ಹಣದಲ್ಲಿ ಲೆಕ್ಕ ತಪ್ಪಿತ್ತೇ, ಸಿಟ್ಟಿನಲ್ಲಿ ಗಿರಾಕಿಗಳೊಡನೆ ಹೇಗೆ ಮಾತಾಡಿದೆ ಎಂದು ಕೇಳಲಿ. ‘ಎಲ್ಲಿಗ್ ಹೊಂಟಿಯೋ ಬೇಟಾ, ನೀನಿಲ್ದ ಅಂಗಡಿ ಹ್ಯಾಂಗ್ ನಡೀತದ’ ಎಂಬ ಉತ್ತರ ಬಂದರೆ ಅದು ಶಿಫಾರಸು ಪತ್ರದ ಹತ್ತು ಸಾಲುಗಳಿಗಿಂತ ಹೆಚ್ಚಿನದು. ಹೋದರೆ ಹೋಗಲಿ ಎಂಬ ನಿರಾಳತೆ ಕಂಡುಬಂದರೆ, ಅದನ್ನೂ ದೇವರ ಮಾತಿನಂತೆಯೇ ಎದೆಗೆ ಹಾಕಿಕೊಳ್ಳಬೇಕು.

ಹೊರಗಿನವರ ಸಾಕ್ಷಿ ಎಂದರೆ ಏನೆಂಬುದಕ್ಕೆ ಕಲಬುರಗಿಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ನಮ್ಮ ಸಭೆಗಳು ಅದನ್ನು ಅಷ್ಟಾಗಿ ನೆನೆಯುವುದಿಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದೊಡನೆ ಸೇರಿತು. ಮರುವರ್ಷ, 1949ರಲ್ಲಿ, ಕನ್ನಡ ಸಾಹಿತ್ಯ ಸಮ್ಮೇಳನವು ಕಲಬುರಗಿಯಲ್ಲಿ ನೆರೆಯಿತು. ನಿಜಾಮನ ಆಳ್ವಿಕೆಯಲ್ಲಿ ಕನ್ನಡಕ್ಕೆ ಬಾಗಿಲು ಕಿರಿದಾಗಿದ್ದ ಊರು ಅದು. ಆ ಸಮ್ಮೇಳನವು ಅಲ್ಲಿನವರಿಗೆ ಎಂಥ ಕ್ಷಣವಾಗಿತ್ತೆಂಬುದನ್ನು ಊಹಿಸಬಹುದು. ಅಧ್ಯಕ್ಷರ ಪೀಠದಲ್ಲಿ ಕುಳಿತವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು, ಬಾಸೆಲ್ ಮಿಷನ್ನಿನ ಸಭಾಪಾಲಕರು, ಮಂಗಳೂರಿನ ಸೆಮಿನರಿಯಲ್ಲಿ ತರಬೇತಿ ಪಡೆದವರು. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಪ್ರಕಟಿಸಿದ್ದ ಅವರು, ಬಸವಾದಿ ಶರಣರ ಸಾಹಿತ್ಯದಲ್ಲಿಯೂ ಆಳವಾಗಿ ತೊಡಗಿದ್ದರು. ಕನ್ನಡ ನಾಡು ಅವರನ್ನು ತನ್ನ ಸಮ್ಮೇಳನದ ತಲೆಯಲ್ಲಿ ಕೂರಿಸಿದ್ದು ಅವರು ಪಾದ್ರಿಯಾಗಿದ್ದರೆಂಬುದನ್ನು ಮರೆತಲ್ಲ. ಅವರೂ ಅದನ್ನು ಮರೆಸಿ ನಡೆದವರಲ್ಲ. 1881ರಲ್ಲಿ ಹುಟ್ಟಿ 1962ರಲ್ಲಿ ತೀರಿಕೊಂಡ ಈ ಸೇವಕರ ಬದುಕನ್ನು ಸುವಾರ್ತಾ ತರಬೇತಿಯ ಪಠ್ಯದಲ್ಲಿ ಇಡಬೇಕೆಂಬುದು ನಮ್ಮ ಬಹುದಿನದ ಅಭಿಪ್ರಾಯ. ಕೆಲವರು ಅವರಲ್ಲಿ ಸಾಹಿತಿಯನ್ನು ಮಾತ್ರ ಕಾಣುತ್ತಾರೆ, ಕೆಲವರು ಅವರ ಸುವಾರ್ತಾ ನಿಷ್ಠೆಯನ್ನು ಶಂಕಿಸುತ್ತಾರೆ. ಮೊದಲ ತಿಮೊಥೆಯನ ಮೂರನೆಯ ಅಧ್ಯಾಯವನ್ನು ಎದುರಿಗಿಟ್ಟುಕೊಂಡು ನೋಡಿದರೆ ಎರಡೂ ಓದುಗಳು ಅಪೂರ್ಣವೆಂದೇ ತೋರುತ್ತದೆ.

ಹೊರಗಿನ ಸಾಕ್ಷಿ ಎಂದಾಕ್ಷಣ ಒಳಗಿನ ಕರೆ ಬೇಡವೆಂದು ಅರ್ಥವಲ್ಲ. ಅದಿಲ್ಲದೆ ಹೊರಟವನು ಎರಡನೆಯ ವರ್ಷದ ಗ್ರೀಕ್ ವ್ಯಾಕರಣದ ಹೊತ್ತಿಗೆ ಸೋತುಹೋಗುತ್ತಾನೆ. ಅಲ್ಲಿ ಸೋಲದಿದ್ದರೆ ಮೊದಲ ಸಭೆಯ ಮೊದಲ ಜಗಳದಲ್ಲಿ. ಆದರೆ ಒಳಗಿನ ಕರೆಯೂ ಒಬ್ಬನೇ ಬಿಡಿಸಿಕೊಳ್ಳಬಹುದಾದ ಒಗಟಲ್ಲ. ಬಾಲಕ ಸಮುವೇಲನು ಮೂರು ಸಾರಿ ಕರೆ ಕೇಳಿದನು, ಮೂರು ಸಾರಿಯೂ ತಪ್ಪು ತಿಳಿದನು. ಅದು ಯಾರ ಧ್ವನಿಯೆಂದು ತಿಳಿಸಿದವನು ಕಣ್ಣು ಮಬ್ಬಾದ, ಮಕ್ಕಳನ್ನು ತಿದ್ದಲಾರದೆ ಹೋದ ಮುದಿ ಏಲಿ. ತಮ್ಮ ಸಭಾಪಾಲಕರಲ್ಲಿ ಕೊರತೆಗಳನ್ನು ಕಂಡು ಅವರ ಸಲಹೆಯನ್ನು ತಳ್ಳಿಹಾಕುವ ತರುಣರಿಗೆ ಈ ಅಧ್ಯಾಯವನ್ನು ಇನ್ನೊಮ್ಮೆ ಓದಿರಿ ಎನ್ನುತ್ತೇವೆ.

ಕಲಬುರಗಿ, ಬೀದರ ಭಾಗದ ಹಳೆಯ ಸಭೆಗಳಲ್ಲಿ ಅನೇಕವು ಮೆಥೊಡಿಸ್ಟ್ ಪರಂಪರೆಯವು. ಈ ಪರೀಕ್ಷೆಗೆ ಬೇಕಾದ ಉಪಕರಣ ಆ ಪರಂಪರೆಯಲ್ಲಿಯೇ ಇದೆ. ಪ್ರಸಂಗಿಸಲು ಪವಿತ್ರಾತ್ಮನು ತಮ್ಮನ್ನು ಪ್ರೇರಿಸಿದ್ದಾನೆಂದು ಹೇಳಿಕೊಳ್ಳುವವರನ್ನು ಪರೀಕ್ಷಿಸುವ ಬಗೆ ಹೇಗೆಂಬ ಪ್ರಶ್ನೆಯನ್ನು ಜಾನ್ ವೆಸ್ಲಿ ಮತ್ತು ಅವರ ಜೊತೆಗಾರರು 1746ರ ಸಮ್ಮೇಳನದಲ್ಲಿ ಎತ್ತಿಕೊಂಡರು. ಅವರು ಕಂಡುಕೊಂಡ ಉತ್ತರವು ಮೂರು ವಿಷಯಗಳ ವಿಚಾರಣೆ: ಕೃಪೆ, ವರ, ಫಲ. ಅವನು ದೇವರನ್ನು ಅರಿತು ಪ್ರೀತಿಸುತ್ತಾನೋ. ತಿಳಿದುದನ್ನು ತಿಳಿಯಾಗಿ ಹೇಳುವ ಶಕ್ತಿ ಅವನಿಗಿದೆಯೋ. ಅವನ ಮಾತಿನಿಂದ ಯಾರಿಗಾದರೂ ಪ್ರಯೋಜನವಾಗಿದೆಯೋ. ಮೂರನೆಯದನ್ನು ಅರ್ಜಿಯ ಮೇಲೆ ಕುಳಿತು ತೀರ್ಮಾನಿಸಲಾಗದು. ನಮ್ಮ ರೋಜಾದ ತರುಣನಿಗೆ ಆ ಪರೀಕ್ಷೆಯ ಕೊಠಡಿ ಕಮಲಾಪುರ.

ಕಮಲಾಪುರವೆಂದರೆ ಕೆಂಪು ಬಾಳೆಹಣ್ಣು ಎಂದು ನಾಡಿಗೆಲ್ಲ ಗೊತ್ತು. ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಈಗ ಅದು ತಾಲ್ಲೂಕು ಕೇಂದ್ರ. ಸುತ್ತಲ ಹಳ್ಳಿಗಳಲ್ಲಿ ತೊಗರಿಯ ಕೆಲಸ ಜೋರಾದರೆ ಕೂಟಕ್ಕೆ ಬರುವವರು ಕೆಲವರೇ, ಬಂದವರೂ ದಣಿದವರು. ಅಂಥ ದಿನ ಅವನು ಏನು ಹೇಳುತ್ತಾನೆ? ಯೂಟ್ಯೂಬಿನಲ್ಲಿ ಕೇಳಿದ ಯಾರದೋ ಪ್ರಸಂಗವನ್ನು ಅದೇ ಏರುಧ್ವನಿಯಲ್ಲಿ ಒಪ್ಪಿಸುತ್ತಾನೋ, ಎದುರು ಕುಳಿತ ನಾಲ್ಕು ಮಂದಿ ತಾಯಂದಿರ ಮುಖ ನೋಡಿ ಮಾತಾಡುತ್ತಾನೋ? ಕುಡಿದು ಬರುವ ಗಂಡನ ವಿಷಯ ಹೇಳಿಕೊಂಡವಳ ಮಾತನ್ನು ಮುಂದಿನ ವಾರ ದೃಷ್ಟಾಂತವಾಗಿ ಬಳಸಿಬಿಡುತ್ತಾನೋ, ತನ್ನೊಳಗೇ ಇಟ್ಟುಕೊಳ್ಳುತ್ತಾನೋ? ಕೈಯಲ್ಲಿ ಮೈಕು ಇಲ್ಲದ ವಾರಗಳಲ್ಲಿಯೂ ಬರುತ್ತಾನೋ? ಒಂದು ಪೂರ್ತಿ ವರ್ಷ, ಎಂದರೆ ಬಿತ್ತನೆಯಿಂದ ರಾಶಿಯವರೆಗೆ ಮತ್ತು ಮತ್ತೆ ಬಿತ್ತನೆಯವರೆಗೆ, ಅವನನ್ನು ಹೀಗೆ ನೋಡಿದ ಮೇಲೆ ಅಲ್ಲಿನ ಹಿರಿಯರು ಹೇಳುವ ಮಾತು ಫಲದ ಲೆಕ್ಕಕ್ಕೆ ಬರುತ್ತದೆ. ವರ್ಷ ಕಾಯಿರಿ ಎಂದಾಗ ಬೇಸರಪಟ್ಟುಕೊಂಡವರನ್ನು ಕಂಡಿದ್ದೇವೆ. ಕಾದು ಕೆಟ್ಟವರನ್ನು ನಾವು ಇನ್ನೂ ಕಂಡಿಲ್ಲ.

ಇನ್ನು ಬೆಲೆಯ ವಿಚಾರ. ಗೋಪುರ ಕಟ್ಟಲೆಳಸುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಕರ್ತನೇ ಹೇಳಿದನು (ಲೂಕ 14:28–30). ನಮ್ಮ ಪ್ರಸಂಗಗಳಲ್ಲಿ ಈ ಲೆಕ್ಕವು ಬೇಗನೆ ಆತ್ಮಿಕವಾಗಿಬಿಡುತ್ತದೆ. ಕರ್ನಾಟಕದ ಮೊದಲ ತಲೆಮಾರಿನ ಸೇವಕರಿಗೆ ಅದು ಹಾಗಿರಲಿಲ್ಲ. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು, ಮುಂದೆ ಹರ್ಮನ್ ಕೌಂಡಿನ್ಯರೆನಿಸಿಕೊಂಡವರು, 1846ರಲ್ಲಿ ಹರ್ಮನ್ ಮೊಗ್ಲಿಂಗರೊಡನೆ ಬಾಸೆಲ್‌ಗೆ ಹೊರಟರು. 1851ರಲ್ಲಿ ಅಭಿಷೇಕ ಪಡೆದು ಹಿಂದಿರುಗಿ ಮಂಗಳೂರಿನ ಸೆಮಿನರಿಯಲ್ಲಿ ಕಲಿಸಿದರು. ಅವರ ಮನೆತನ, ಜಾತಿ, ದಾಂಪತ್ಯ ಎಲ್ಲವೂ ಆ ದಾರಿಯಲ್ಲಿ ಮುರಿದುಬಿದ್ದವು.

ಕಲಬುರಗಿಯ ನಮ್ಮ ಅಭ್ಯರ್ಥಿಗೆ ಬೆಲೆಯ ಲೆಕ್ಕ ಬೇರೆ ರೂಪದಲ್ಲಿ ಎದುರಾಗುತ್ತದೆ. ಒಂದನೆಯದು ಹಣ. ಹಿರಿಯ ಮಗ ಮೂರು ನಾಲ್ಕು ವರ್ಷ ಸಂಪಾದನೆಯಿಲ್ಲದೆ ದೂರವಿದ್ದರೆ ಬಾಡಿಗೆ ಕಟ್ಟುವವರು ಯಾರು? ಗೌಂಡಿ ಕೆಲಸದ ತಂದೆಗೆ ಬೆನ್ನುನೋವು ಬಂದರೆ? ‘ದೇವರು ನೋಡಿಕೊಳ್ಳುತ್ತಾನೆ’ ಎಂಬುದು ಸರಿಯಾದ ಉತ್ತರವೇ. ಆದರೆ ಅವನು ಯಾರ ಕೈಯಿಂದ ನೋಡಿಕೊಳ್ಳುತ್ತಾನೆಂಬುದನ್ನು ಸಭೆಯು ಕುಳಿತು ಮಾತಾಡಬೇಕು. ತಂಗಿಯ ಮದುವೆಗೆ ಸಾಲ ಮಾಡಿದ ಮನೆಯಿಂದ ಹುಡುಗನನ್ನು ಸೆಮಿನರಿಗೆ ಕಳುಹಿಸಿ, ಆ ಸಾಲದ ವಿಷಯ ತಮಗೆ ಸಂಬಂಧಿಸಿದ್ದಲ್ಲವೆಂದು ನಡೆದ ಸಭೆಯೊಂದನ್ನು ನಾವು ಬಲ್ಲೆವು. ಅವನು ಎರಡನೆಯ ವರ್ಷದ ನಡುವೆ ಮರಳಿದನು, ಸಭೆಗೆ ಮಾತ್ರ ಮರಳಲಿಲ್ಲ.

ಎರಡನೆಯದನ್ನು ಬಹಿರಂಗವಾಗಿ ಯಾರೂ ಆಡುವುದಿಲ್ಲ. ಈ ಭಾಗದ ಸಭೆಗಳಲ್ಲಿ ಬಹಳಷ್ಟು ಮಂದಿ ದಲಿತ ಹಿನ್ನೆಲೆಯವರು. 1950ರ ಪರಿಶಿಷ್ಟ ಜಾತಿಗಳ ಸಂವಿಧಾನ ಆದೇಶದ ಮೂರನೆಯ ಕಂಡಿಕೆಯು ಆ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರು ಇಂದಿಗೂ ಹೊರಗಿದ್ದಾರೆ. ಆರಾಧನೆ ಮಾಡುವವರು ಒಬ್ಬರು, ದಾಖಲೆಯಲ್ಲಿ ಇರುವವರು ಇನ್ನೊಬ್ಬರು ಎಂಬಂತೆ ಬದುಕುವ ಕುಟುಂಬಗಳು ಹುಟ್ಟಿದ್ದು ಈ ಆದೇಶದಿಂದ. ಜಾತಿಯ ಅವಮಾನವು ದೀಕ್ಷಾಸ್ನಾನದ ನೀರಿನಿಂದ ತೊಳೆದುಹೋಗುವುದಿಲ್ಲ, ಅದಕ್ಕಿರುವ ಪರಿಹಾರ ಮಾತ್ರ ತೊಳೆದುಹೋಗುತ್ತದೆ ಎಂಬ ಅವರ ದೂರು ನ್ಯಾಯವಾದದ್ದೇ. ಈ ಆದೇಶವು ಬದಲಾಗಬೇಕೆಂದು ಸಭೆಗಳು ದಶಕಗಳಿಂದ ಕೇಳುತ್ತಿವೆ, ನಾವೂ ಕೇಳುತ್ತೇವೆ. ಆದರೆ ಸೇವಾ ತರಬೇತಿಗೆ ಹೊರಡುವವನ ಸ್ಥಿತಿ ಸಾಮಾನ್ಯ ಸಭಿಕನದಲ್ಲ. ಪ್ರವೇಶಕ್ಕೆ ದೀಕ್ಷಾಸ್ನಾನದ ಪತ್ರ ಕೊಡಬೇಕಾಗುತ್ತದೆ. ನಾಳೆ ಅವನೇ ಇತರರಿಗೆ ಆ ಪತ್ರ ಬರೆದುಕೊಡಬೇಕಾದವನು. ಕ್ರೈಸ್ತಳಾಗಿ ನಡೆದುಕೊಳ್ಳುತ್ತಲೇ ಮೀಸಲಾತಿಗಾಗಿ ಹಿಂದೂ ಎಂದು ಹೇಳಿಕೊಂಡ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಅದನ್ನು ಒಪ್ಪಲಿಲ್ಲ. ಎರಡು ಬಗೆಯ ಕಾಗದಗಳನ್ನು ಇಟ್ಟುಕೊಂಡು ಸೇವೆಗಿಳಿಯುವುದು ಸಾಧ್ಯವಿಲ್ಲವೆಂದು ನಾವು ಕಠಿಣವಾಗಿಯೇ ಹೇಳುತ್ತೇವೆ. ಹೇಳುವಾಗಲೇ, ಅವನ ಈ ನಿರ್ಧಾರವು ಕಾಲೇಜಿಗೆ ಹೋಗುವ ತಮ್ಮನ ಕಾಗದಗಳ ಮೇಲೂ ಪ್ರಶ್ನೆ ಎಬ್ಬಿಸಬಹುದೆಂಬುದು ನಮಗೆ ಗೊತ್ತು. ಆದುದರಿಂದ ಈ ಮಾತು ಅರ್ಜಿ ಹಾಕಿದ ಮೇಲಲ್ಲ, ಮುನ್ನವೇ ಆಗಬೇಕು. ಮನೆಯವರೆಲ್ಲ ಕುಳಿತು, ಆ ತಮ್ಮನೂ ಇರುವಾಗ ಆಗಬೇಕು. ಬೇಡವೆಂದು ಮನೆಯವರು ಹೇಳಿದರೆ ಅವರನ್ನು ಅವಿಶ್ವಾಸಿಗಳೆಂದು ಜರೆಯುವ ಹಕ್ಕು ನಮಗಿಲ್ಲ.

ಅಭ್ಯರ್ಥಿ ತರುಣಿಯಾಗಿದ್ದರೆ ಮೇಲಿನದೆಲ್ಲದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿಬರುತ್ತದೆ: ಆಮೇಲೆ ಇವಳನ್ನು ಮದುವೆಯಾಗುವವರು ಯಾರು? ತಿಮೊಥೆಯನಿಗೆ ನಂಬಿಕೆಯನ್ನು ಕಲಿಸಿದವರು ಲೋವಿ ಮತ್ತು ಯೂನೀಕೆಯೆಂಬ ಇಬ್ಬರು ಹೆಂಗಸರು ಎಂಬುದನ್ನು ನೆನಪಿಸುವುದರ ಹೊರತು ಆ ಪ್ರಶ್ನೆಗೆ ನಮ್ಮಲ್ಲಿ ಬೇರೆ ಉತ್ತರವಿಲ್ಲ.

ಇಷ್ಟೆಲ್ಲ ಆದ ಮೇಲೆ ಹೋಗುವುದೇ ಸರಿಯೆಂದು ಕಂಡರೆ, ಎಲ್ಲಿಗೆ ಹೋಗಬೇಕೆಂಬುದು ಉಳಿಯುತ್ತದೆ. 1818ರಲ್ಲಿ ಸ್ಥಾಪನೆಯಾಗಿ 1827ರಲ್ಲಿ ಡೆನ್ಮಾರ್ಕಿನ ಅರಸನಿಂದ ಸನದು ಪಡೆದ ಸೆರಾಂಪುರ ಕಾಲೇಜಿನ ಸೆನೆಟ್ಟಿಗೆ ಸೇರಿದ ಕಾಲೇಜುಗಳಿವೆ. ಬೆಂಗಳೂರಿನಲ್ಲಿ 1910ರಿಂದ ಇರುವ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಅವುಗಳಲ್ಲಿ ಒಂದು. ಮಂಗಳೂರಿನ ಬಲ್ಮಠದ ಹಳೆಯ ಸೆಮಿನರಿ ಮತ್ತು ತುಮಕೂರಿನ ಯೂನಿಯನ್ ಕನ್ನಡ ಸೆಮಿನರಿ ಒಂದಾಗಿ 1965ರಲ್ಲಿ ರೂಪುಗೊಂಡ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಕನ್ನಡ ಸಭೆಗಳನ್ನೇ ಕಣ್ಣೆದುರಿಗಿಟ್ಟುಕೊಂಡು ಬೆಳೆದದ್ದು. ಸುವಾರ್ತಾ ಪಂಥದ ಅನೇಕ ಸೆಮಿನರಿಗಳು ಏಷ್ಯಾ ಥಿಯಲಾಜಿಕಲ್ ಅಸೋಸಿಯೇಷನ್ನಿನ ಮಾನ್ಯತೆ ಪಡೆದಿವೆ. ಅದು ಸಭೆಗಳೂ ಸೆಮಿನರಿಗಳೂ ಪರಸ್ಪರ ಗೌರವಿಸುವ ಮಾನ್ಯತೆ, ಸರ್ಕಾರಿ ನೌಕರಿಗೆ ಒದಗುವ ಮಾನ್ಯತೆಯಲ್ಲವೆಂದು ತಂದೆತಾಯಿಗಳಿಗೆ ಮೊದಲೇ ತಿಳಿಸಬೇಕು. ಆರು ತಿಂಗಳಲ್ಲಿ ಪ್ರಮಾಣಪತ್ರವನ್ನೂ ಇನ್ನಾರು ತಿಂಗಳಲ್ಲಿ ಡಾಕ್ಟರೇಟನ್ನೂ ಹಂಚುವ ಕಡೆಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ.

ಆದರೆ ಊರು ಬಿಡುವುದೊಂದೇ ದಾರಿಯಲ್ಲ. ಅಪೊಲ್ಲೋಸನು ಪಂಡಿತನಾಗಿದ್ದರೂ ಅವನಿಗೆ ದೇವರ ಮಾರ್ಗವನ್ನು ಮತ್ತಷ್ಟು ಸ್ಪಷ್ಟವಾಗಿ ತಿಳಿಸಿದವರು ಗುಡಾರದ ಕಸುಬಿನ ದಂಪತಿಗಳು (ಅ.ಕೃ. 18:24–26). ಬೆಂಗಳೂರಿನಲ್ಲಿ 1971ರಲ್ಲಿ ಆರಂಭವಾದ ಟಾಫ್ಟಿಯಂಥ ವಿಸ್ತರಣಾ ಶಿಕ್ಷಣ ಸಂಸ್ಥೆಗಳು ಕೆಲಸದಲ್ಲಿದ್ದುಕೊಂಡೇ ಓದುವವರಿಗಾಗಿ ಹುಟ್ಟಿದವು. ಝೆರಾಕ್ಸ್ ಅಂಗಡಿಯನ್ನೂ ಬಾಡಿಗೆಯ ಹೊಣೆಯನ್ನೂ ಬಿಡದೆ, ಕಮಲಾಪುರದ ಕೂಟವನ್ನೂ ಬಿಡದೆ ನಾಲ್ಕಾರು ವರ್ಷ ಹೀಗೆ ಓದಿದವನನ್ನು ಅರ್ಧ ಸೇವಕನೆಂದು ಕಾಣುವುದು ನಮ್ಮ ಸಭೆಗಳ ಒಂದು ಕೆಟ್ಟ ಅಭ್ಯಾಸ. ಸಭೆಯ ಪರೀಕ್ಷೆಯಲ್ಲಿ ‘ಹೋಗಬೇಡ, ಇಲ್ಲಿಯೇ ಇರು’ ಎಂಬ ಉತ್ತರ ಬಂದವನಿಗೆ ಅದು ಸೋಲಲ್ಲ. ಸ್ಥಳೀಯ ಪ್ರಸಂಗಿಗಳಿಲ್ಲದೆ ಮೆಥೊಡಿಸ್ಟ್ ಸಭೆಯೇ ಬೆಳೆಯುತ್ತಿರಲಿಲ್ಲ.

ಹೋಗುವವನು ಏನನ್ನು ಕಲಿಯಬೇಕೆಂಬ ವಿಷಯದಲ್ಲಿ ರೋಜಾದವನಿಗೆ ಎರಡು ಮಾತು. ದಖನಿಯನ್ನು ಮರೆಯಬೇಡ. ಅವಕಾಶವಾದರೆ ಇಸ್ಲಾಮಿನ ಅಧ್ಯಯನಕ್ಕಾಗಿ 1930ರಲ್ಲಿ ಲಾಹೋರಿನಲ್ಲಿ ಆರಂಭವಾಗಿ ಈಗ ಹೈದರಾಬಾದಿನಲ್ಲಿರುವ ಹೆನ್ರಿ ಮಾರ್ಟಿನ್ ಸಂಸ್ಥೆಯಲ್ಲಿ ಕೆಲಕಾಲ ಕುಳಿತು ಓದು. ವಾದಕ್ಕೆಂದಲ್ಲ, ಚಾಚಾನ ನಂಬಿಕೆಯನ್ನು ಅವರು ತಿಳಿದಂತೆಯೇ ನೀನೂ ತಿಳಿಯಲೆಂದು. ಸಂವಿಧಾನದ 25ನೆಯ ವಿಧಿಯನ್ನೂ, ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದ 1977ರ ಸುಪ್ರೀಂ ಕೋರ್ಟಿನ ತೀರ್ಪನ್ನೂ, ನಮ್ಮ ರಾಜ್ಯದಲ್ಲಿ 2022ರಲ್ಲಿ ಬಂದ ಮತಾಂತರ ಕುರಿತ ಕಾಯ್ದೆಯನ್ನೂ ಓದಿಕೊಂಡಿರು. ಆ ಕಾಯ್ದೆಯ ದುರುಪಯೋಗದ ಭಯ ನಮಗೂ ಇದೆ. ಆದರೆ ಆಮಿಷದಿಂದ ಬಂದ ನಂಬಿಕೆ ನಂಬಿಕೆಯಲ್ಲವೆಂಬುದನ್ನು ತಿಳಿಯಲು ನಮಗೆ ಕಾಯ್ದೆ ಬೇಕಾಗಿರಲಿಲ್ಲ.

ಕಡೆಯದಾಗಿ ಕಳುಹಿಸುವವರಿಗೆ. ಅಂತಿಯೋಕ್ಯದ ಸಭೆಯು ಬಾರ್ನಬನನ್ನೂ ಸೌಲನನ್ನೂ ಉಪವಾಸವಿದ್ದು ಕೈಯಿಟ್ಟು ಕಳುಹಿಸಿತು (ಅ.ಕೃ. 13:1–3), ಅವರಿಬ್ಬರೂ ಮರಳಿ ಅದೇ ಸಭೆಗೆ ಬಂದು ನಡೆದುದನ್ನೆಲ್ಲ ಒಪ್ಪಿಸಿದರು (14:26–28). ನಮ್ಮಲ್ಲಿ ಕಳುಹಿಸುವ ಕೂಟ ಅದ್ದೂರಿಯಾಗಿ ನಡೆಯುತ್ತದೆ, ಹಾರ ಬೀಳುತ್ತದೆ, ಫೋಟೊ ತೆಗೆಯುತ್ತಾರೆ; ಮೊದಲ ರಜೆಗೆ ಹುಡುಗ ಊರಿಗೆ ಬಂದಾಗ ಕೇಳುವವರಿರುವುದಿಲ್ಲ. ಅಭಿಷೇಕದ ಬಳಿಕ ಅವನನ್ನು ಎಲ್ಲಿಗೆ ನೇಮಿಸಬೇಕೆಂಬುದು ಮೆಥೊಡಿಸ್ಟ್ ಪದ್ಧತಿಯಲ್ಲಿ ಅವನ ಕೈಯಲ್ಲಿಯೂ ಇಲ್ಲ, ಕಮಲಾಪುರದವರ ಕೈಯಲ್ಲಿಯೂ ಇಲ್ಲ; ಅವನು ಕೋಲಾರಕ್ಕೆ ಹೋಗಬೇಕಾದೀತು. ಆದರೆ ಓದುವ ಕಾಲದ ರಜೆಗಳು ಕಮಲಾಪುರದವು ಎಂದು ಮೊದಲೇ ಮಾತಾಗಲಿ. ಪ್ರತಿ ತಿಂಗಳು ಅವನ ಮನೆಗೆ ಸಭೆಯಿಂದ ಒಬ್ಬರು ಹೋಗಿ ತಂದೆಯ ಬೆನ್ನುನೋವು ಹೇಗಿದೆಯೆಂದು ವಿಚಾರಿಸಲಿ. ಶಿಫಾರಸು ಪತ್ರವನ್ನು ಸಭಾಪಾಲಕರು ಒಬ್ಬರೇ ಬರೆಯದೆ ಸಭೆಯ ಮೂವರು ಸಹಿ ಮಾಡಲಿ, ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ. ನಾಲ್ಕನೆಯ ಸಾಲಿನಲ್ಲಿ, ಝೆರಾಕ್ಸ್ ಅಂಗಡಿಯ ಯಜಮಾನರನ್ನು ಇಂಥ ದಿನ ಕಂಡು ಮಾತಾಡಿದೆವು, ಅವರು ಹೀಗೆ ಹೇಳಿದರು ಎಂದು ಬರೆಯಲಿ. ಅಂಥ ಪತ್ರವೊಂದು ಬಂದರೆ ಪ್ರವೇಶ ಸಮಿತಿಯಲ್ಲಿ ಅದನ್ನು ಮೊದಲು ಓದುತ್ತೇವೆ.